ಮಲೆನಾಡಲ್ಲಿ ಹಳೇ ಜಾಝ್ ಪ್ಲೇಟು ಹುಡುಕೋದು: ಗುಜರಿ ಅಂಗಡಿಯಿಂದ ಎಸ್ಟೇಟ್ ಬಂಗ್ಲೆವರೆಗೆ

ಗುಜರಿ ಅಂಗಡೀಲಿ ಒಂದು ಹಳೇ ಗ್ರಾಮಾಫೋನ್ ಪ್ಲೇಟು ಕೈಗೆ ಸಿಕ್ತು ಅಂದ್ರೆ ನಾವೆಲ್ಲ ಮೊದ್ಲು ಮಾಡೋ ಕೆಲ್ಸ ಅಂಗಿ ತುದೀಲಿ ಧೂಳು ಒರ್ಸೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಆ ಧೂಳಲ್ಲಿ ಸಣ್ಣ ಸಣ್ಣ ಮರಳು ಇರತ್ತೆ, ಒಣಬಟ್ಟೇಲಿ ತಿಕ್ಕಿದ್ರೆ ಎಂಬತ್ತು ವರ್ಷ ಯಾರೂ ಹಾಕದ ಗೀರನ್ನ ನೀವು ಎರಡು ನಿಮಿಷದಲ್ಲಿ ಹಾಕಿರ್ತೀರ. ಅಂಚು ಹಿಡ್ಕೊಂಡು ಓರೆಯಾಗಿ ಊದಿ, ಲೇಬಲ್ ಓದೋವಷ್ಟು ಕಂಡ್ರೆ ಸಾಕು, ಉಳಿದಿದ್ದೆಲ್ಲ ಮನೇಲಿ.

ನಾನು ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ಲೆಕ್ಕ ಬರೆಯೋನು. ಹನ್ನೊಂದು ವರ್ಷದಿಂದ ಜಾಝ್ ಅನ್ನೋ ಅಮೆರಿಕಾದ ಸಂಗೀತದ ಪ್ಲೇಟು ಕೂಡಿಡ್ತಾ ಇದ್ದೀನಿ. "ಅದೆಲ್ಲ ನಮ್ಮೂರಲ್ಲಿ ಎಲ್ಲಿ ಸಿಗತ್ತೆ ಮಾರಾಯ, ಬಾಂಬೆಗೋ ಕಲ್ಕತ್ತಾಗೋ ಹೋಗ್ಬೇಕು" ಅಂತ ಹೇಳೋರು ತುಂಬಾ ಜನ, ಅವರಿಗೋಸ್ಕರಾನೇ ಇದನ್ನ ಬರೀತಿರೋದು. ಸಿಗತ್ತೆ. ಪಟ್ಟಣದಲ್ಲಿ ಹಳೇ ಪ್ಲೇಟು ಮಾರೋನಿಗೆ ಅದರ ಬೆಲೆ ಗೊತ್ತು, ನಮ್ಮ ಕಡೆ ಅದು ಇನ್ನೂ ಹಳೇ ಟ್ರಂಕು, ತುಕ್ಕು ಹಿಡಿದ ಮಂಚದ ಜೊತೇಲೇ ತೂಕಕ್ಕೆ ಬರತ್ತೆ, ಅಷ್ಟೇ ವ್ಯತ್ಯಾಸ.

ಯಾಕೆ ಇಲ್ಲಿ ಸಿಗತ್ತೆ ಅಂತ ತಿಳ್ಕೊಂಡ್ರೆ ಎಲ್ಲಿ ಹುಡುಕ್ಬೇಕು ಅನ್ನೋದೂ ತಾನಾಗೇ ಗೊತ್ತಾಗತ್ತೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಆ ಕಡೆ ಸಕಲೇಶಪುರ, ಹಾನ್‌ಬಾಳು, ಇಲ್ಲೆಲ್ಲ ಕಾಫಿ ತೋಟ ಮಾಡಿದ್ದ ಇಂಗ್ಲಿಷ್ ದೊರೆಗಳಿಗೆ ಸಂಜೆ ಆದ್ಮೇಲೆ ಇದ್ದಿದ್ದು ಕ್ಲಬ್ಬು, ಇಲ್ಲಾಂದ್ರೆ ಬಂಗ್ಲೆ ಜಗಲಿ. ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರದ್ದು ಅಂದ್ರೆ ಲೆಕ್ಕ ಹಾಕಿ. ಡಾನ್ಸಿಗೆ ಹಾಡು ಬೇಕು, ಕರೆಂಟ್ ಇಲ್ಲದ ಕಾಡಲ್ಲಿ ಕೀ ಕೊಟ್ಟು ತಿರುಗ್ಸೋ ಗ್ರಾಮಾಫೋನೇ ಗತಿ, ಆ ಕಾಲದ ಡಾನ್ಸ್ ಮ್ಯೂಸಿಕ್ ಅಂದ್ರೆ ಬಹುಪಾಲು ಜಾಝ್ ಅಥವಾ ಜಾಝಿನ ತಮ್ಮ. ಸ್ವಾತಂತ್ರ್ಯ ಬಂದ್ಮೇಲೆ ಅವರು ತೋಟ ಮಾರಿ ಹೋದ್ರು, ಎಷ್ಟೋ ಕಡೆ ಬಂಗ್ಲೆ ಜೊತೆ ಮೇಜು ಕುರ್ಚಿ ಬೀರು ಪ್ಲೇಟು ಎಲ್ಲಾನೂ ಹಾಗೇ ಬಿಟ್ಟು ಹೋದ್ರು, ನಮ್ಮೋರು ಕೊಂಡ್ಕೊಂಡ್ರು, ಆಮೇಲೆ ಮಕ್ಕಳು ಬೆಂಗಳೂರಿಗೆ ಹೋದ್ರು, ಪ್ಲೇಟು ಅಟ್ಟಕ್ಕೆ ಹೋಯ್ತು.

ಇನ್ನು ಜಾಝ್ ನಮ್ಮ ಕಿವಿಗೆ ಹೊಸದು ಅಂತ ಹೆದರ್ಕೋಬೇಡಿ. ಮದುವೆ ಮನೇಲಿ ನಾದಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿ ಬೆಳೆದೋರು ನಾವು, ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆ ಬ್ಯಾಂಡಲ್ಲಿ ಆ ವಾದ್ಯ ನೋಡಿ ಅದನ್ನ ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದೋರು. ಆ ಗಮಕ ಕೇಳಿದ ಕಿವಿಗೆ 1930ರ ಸ್ಯಾಕ್ಸೋಫೋನ್ ಹಿಡಿಸೋಕೆ ಹೆಚ್ಚು ದಿನ ಬೇಡ. ನನಗೆ ಹಿಡಿಸಿದ್ದೇ ಹಾಗೆ.

ಈಗ ಪ್ಲೇಟಿನ ಜಾತಿ. ಮೂರು ಥರ ಸಿಗತ್ತೆ, 78, 45, 33. ಈ ನಂಬರ್ ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. 1948ರಲ್ಲಿ ಅಮೆರಿಕಾದ ಕೊಲಂಬಿಯಾ ಕಂಪ್ನಿ ಎಲ್‌ಪಿ, ಅಂದ್ರೆ 33ರ ಪ್ಲೇಟು ತಂತು, ಮರುವರ್ಷ ಆರ್‌ಸಿಎ ಕಂಪ್ನಿ 45 ತಂತು. ಅದಕ್ಕಿಂತ ಮುಂಚಿನ ಜಾಝ್ ಎಲ್ಲ 78ರಲ್ಲೇ ಹುಟ್ಟಿದ್ದು, ಒಂದು ಕಡೆಗೆ ಸುಮಾರು ಮೂರು ನಿಮಿಷ, ಅಷ್ಟರೊಳಗೆ ಹೇಳೋದೆಲ್ಲ ಹೇಳಿ ಮುಗಿಸ್ಬೇಕು, ಆ ಬಿಗಿ ನನಗೆ ತುಂಬಾ ಇಷ್ಟ. 78 ಕೈಗೆ ಭಾರ, ಉಗುರಲ್ಲಿ ತಟ್ಟಿದ್ರೆ ಪಿಂಗಾಣಿ ಥರ ಠಣ್ ಅನ್ನತ್ತೆ, ಕೈಜಾರಿ ಬಿದ್ರೆ ಹಪ್ಪಳ. ಎಲ್‌ಪಿ ವಿನೈಲ್ ಅನ್ನೋ ಪ್ಲಾಸ್ಟಿಕ್ಕಿಂದು, ಹಗುರ, ಸ್ವಲ್ಪ ಬಗ್ಗತ್ತೆ, ಒಡೆಯಲ್ಲ ಆದ್ರೆ ಬಿಸಿಲಿಗೆ ಸೊಟ್ಟಗಾಗತ್ತೆ.

78 ಯಾವುದರಿಂದ ಮಾಡಿದ್ದು ಗೊತ್ತಾ, ಅರಗು. ನಮ್ಮ ದೇಶದ ಮರದ ಕೊಂಬೆ ಮೇಲೆ ಅರಗಿನ ಹುಳ ಕಟ್ಟೋ ಅಂಟು, ಅದಕ್ಕೆ ಕಲ್ಲಿನ ಪುಡಿ, ಮಸಿ ಸೇರಿಸಿ ಬಿಸೀಲಿ ಒತ್ತಿದ್ದು. ಜಾಝಿನ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಶಿಕಾಗೋದಲ್ಲಿ ಊದಿದ್ದು, ಅದನ್ನ ಹೊತ್ತು ತಂದಿದ್ದು ಹೆಚ್ಚುಕಮ್ಮಿ ನಮ್ಮ ಅರಗೇ. ಗ್ರಾಮಾಫೋನ್ ಕಂಪ್ನಿ 1908ರಲ್ಲಿ ಕಲ್ಕತ್ತಾದ ಸೀಲ್ಡಾದಲ್ಲಿ ಕಾರ್ಖಾನೆ ಹಾಕ್ತು, 1928ರಲ್ಲಿ ಅಲ್ಲೇ ಹತ್ರದ ಡಂಡಂಗೆ ಹೋಯ್ತು. ಹಿಸ್ ಮಾಸ್ಟರ್ಸ್ ವಾಯ್ಸ್ (ಎಚ್‌ಎಂವಿ, ನಾಯಿ ಚಿತ್ರದ್ದು), ಕೊಲಂಬಿಯಾ, ಪಾರ್ಲೋಫೋನ್ ಲೇಬಲಿನ ಎಷ್ಟೋ ಇಂಗ್ಲಿಷ್ ಪ್ಲೇಟು ಇಲ್ಲೇ ಒತ್ತಿದ್ದು. ಅದಕ್ಕೇ ಲೇಬಲ್ ಅಡೀಲಿ ಇಂಡಿಯಾದಲ್ಲಿ ಮಾಡಿದ್ದು ಅಂತ ಇದ್ರೆ "ಓ ಇದು ನಕಲಿ" ಅಂತ ವಾಪಸ್ ಇಡ್ಬೇಡಿ. ಅಮೆರಿಕಾದ ಒರಿಜಿನಲ್‌ಗೆ ಸಿಗೋ ಬೆಲೆ ಇದಕ್ಕೆ ಸಿಗದೆ ಇರ್ಬೋದು, ಕೇಳೋಕೆ ಏನೂ ಕಮ್ಮಿ ಇಲ್ಲ, ಅದೇ ನಮ್ಮಂಥೋರಿಗೆ ಲಾಭ.

ಲೇಬಲ್ ಓದೋದು ಕಲೀರಿ, ಅರ್ಧ ಕೆಲ್ಸ ಅದೇ. ಹಾಡಿನ ಹೆಸರ ಕೆಳಗೆ ಸಣ್ಣಕ್ಷರದಲ್ಲಿ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್, ವಾಲ್ಟ್ಸ್ ಅಂತ ಇರತ್ತೆ, ಅದು ಯಾವ ಡಾನ್ಸ್ ಹೆಜ್ಜೆಗೆ ಅಂತ ಹೇಳೋದು. ವಾಲ್ಟ್ಸ್ ಇದ್ರೆ ಜಾಝ್ ಆಗಿರೋದು ಅಪರೂಪ. ಫಾಕ್ಸ್‌ಟ್ರಾಟ್ ಇದ್ರೆ ಬ್ಯಾಂಡಿನ ಹೆಸರು ನೋಡಿ. ವಿಕ್ಟರ್ ಸಿಲ್ವೆಸ್ಟರ್ ಅನ್ನೋ ಹೆಸರು ನಿಮಗೆ ಪದೇ ಪದೇ ಸಿಗತ್ತೆ, ಅದು ಡಾನ್ಸ್ ಕಲಿಯೋರಿಗೆ ತಾಳ ಒಂಚೂರೂ ಅಲುಗದ ಹಾಗೆ ನುಡಿಸಿದ್ದು, ಜಾಝ್ ಅಲ್ಲ, ಬೇಡ. ಎಲ್‌ಪಿಗಳಲ್ಲಿ ಜಿಮ್ ರೀವ್ಸ್ ಹೀಗೇ, ಹತ್ತು ಬಂಗ್ಲೆ ನೋಡಿದ್ರೆ ಎಂಟರಲ್ಲಿ ಸಿಗ್ತಾನೆ, ಒಳ್ಳೆ ಹಾಡುಗಾರ, ಆದ್ರೆ ನಮ್ಮ ದಾರಿ ಅಲ್ಲ. ಡ್ಯೂಕ್ ಎಲಿಂಗ್ಟನ್, ಫ್ಯಾಟ್ಸ್ ವಾಲರ್, ಬೆನ್ನಿ ಗುಡ್‌ಮನ್, ಕೌಂಟ್ ಬೇಸಿ, ಆರ್ಟಿ ಶಾ, ಜಾಂಗೋ ರೈನ್‌ಹಾರ್ಟ್, ಬಿಲ್ಲಿ ಹಾಲಿಡೇ, ಟೆಡ್ಡಿ ವಿಲ್ಸನ್, ಈ ಜಾಝ್ ಹೆಸರುಗಳನ್ನ ಬಾಯಿಪಾಠ ಮಾಡ್ಕೊಂಡು ಹೋಗಿ. ಪಾರ್ಲೋಫೋನ್ ಪ್ಲೇಟಲ್ಲಿ ರಿದಂ ಸ್ಟೈಲ್ ಅಂತಲೋ, ಹಿಸ್ ಮಾಸ್ಟರ್ಸ್ ವಾಯ್ಸಲ್ಲಿ ಸ್ವಿಂಗ್ ಮ್ಯೂಸಿಕ್ ಅಂತಲೋ ಅಚ್ಚಾಗಿದ್ರೆ ಹೆಸರು ಗೊತ್ತಿಲ್ಲದಿದ್ರೂ ಎತ್ಕೊಳ್ಳಿ, ಅದು ಕಂಪ್ನಿಯೋರೇ ಜಾಝ್ ಕೇಳೋರಿಗೆ ಅಂತ ಬೇರೆ ಮಾಡಿಟ್ಟ ಸರಣಿ. ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಕೊರೆದ ನಂಬರ್ ಇರತ್ತಲ್ಲ, ಹಿಸ್ ಮಾಸ್ಟರ್ಸ್ ವಾಯ್ಸ್ ಪ್ಲೇಟಲ್ಲಿ ಅದರ ಜೊತೆ ಸಣ್ಣ ತ್ರಿಕೋನ ಕಂಡ್ರೆ ಅದು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದು, ಅಂದ್ರೆ 1925 ಆದ್ಮೇಲೆ. ಅದಕ್ಕಿಂತ ಮುಂಚೆ ದೊಡ್ಡ ಕೊಳವೆ ಮುಂದೆ ನಿಂತು ಊದೋರು, ಸದ್ದು ತಗಡು ಡಬ್ಬದೊಳಗಿಂದ ಬಂದ ಹಾಗಿರತ್ತೆ. ಮೊದಲ ಜಾಝ್ ಪ್ಲೇಟು ಅಂತ ಎಲ್ರೂ ಹೇಳೋದು 1917ರಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ವಿಕ್ಟರ್ ಕಂಪ್ನಿಗೆ ಮಾಡಿದ್ದು, ಅದೂ ಕೊಳವೆ ಕಾಲದ್ದೇ.

ನಮ್ಮ ದೇಶದಲ್ಲೇ ನುಡಿಸಿದ ಜಾಝ್ ಬಗ್ಗೆ ಒಂದ್ಮಾತು, ಇದು ನನ್ನ ಮನಸ್ಸಿಗೆ ತುಂಬಾ ಹತ್ರ. 1935ರಲ್ಲೇ ಅಮೆರಿಕಾದ ಲಿಯಾನ್ ಅಬ್ಬೆ ತನ್ನ ಬ್ಯಾಂಡ್ ಕಟ್ಕೊಂಡು ಬಾಂಬೆ ತಾಜ್ ಹೋಟ್ಲಿಗೆ ಬಂದಿದ್ದ. ಆಮೇಲೆ ಟೆಡ್ಡಿ ವೆದರ್‌ಫರ್ಡ್ ಅನ್ನೋ ಪಿಯಾನೋದೋನು, 1920ರ ದಶಕದಲ್ಲಿ ಶಿಕಾಗೋದಲ್ಲಿ ಹೆಸರು ಮಾಡಿ, ಶಾಂಘೈ ಸುತ್ತಿ, ತಾಜಲ್ಲಿ ನುಡಿಸಿ, ಯುದ್ಧದ ಕಾಲದಲ್ಲಿ ಕಲ್ಕತ್ತಾದ ಗ್ರ್ಯಾಂಡ್ ಹೋಟ್ಲಲ್ಲಿ ನೆಲೆ ನಿಂತ, 1945ರಲ್ಲಿ ಅಲ್ಲೇ ಕಾಲರಾ ಬಂದು ತೀರ್ಕೊಂಡ, ಇನ್ನೂ 41 ವರ್ಷ. ಅವನ ಕಲ್ಕತ್ತಾ ಪ್ಲೇಟುಗಳು ಕೊಲಂಬಿಯಾ ಲೇಬಲ್ಲಲ್ಲಿ ಬಂದ್ವು, ನಂಬರ್ ಎಫ್‌ಬಿ ಅಂತ ಶುರುವಾಗಿ ಮುಂದೆ 40 ಸಾವಿರದ ಲೆಕ್ಕದಲ್ಲಿರತ್ತೆ. ಎಫ್‌ಬಿ 40 ಅಂತ ಕಂಡ್ರೆ ಎರಡನೇ ಸಲ ಓದಿ. ಈ ಬ್ಯಾಂಡುಗಳಲ್ಲಿ ನಮ್ಮ ಗೋವಾದೋರು, ಆಂಗ್ಲೋ ಇಂಡಿಯನ್ನರು ಎಷ್ಟೋ ಜನ ನುಡಿಸಿದ್ರು, ಲೇಬಲ್ ಮೇಲೆ ಬ್ಯಾಂಡ್ ಯಜಮಾನನ ಹೆಸರು ಮಾತ್ರ ಬಂತು.

ಇನ್ನೊಂದು ವಿಷ್ಯ, ಜಾಝ್ ಅಲ್ಲದಿದ್ರೂ ತಗೊಳ್ಳಬೇಕಾಗಿರೋದು. ಇಂಗ್ಲೆಂಡ್ ಅಮೆರಿಕಾದಲ್ಲಿ 78 ನಿಂತ್ಮೇಲೂ ನಮ್ಮಲ್ಲಿ 1960ರ ದಶಕದಲ್ಲಿ ಒತ್ತುತಾನೇ ಇದ್ರು, ಕರೆಂಟ್ ಇಲ್ಲದ ಮನೆ ಅಷ್ಟಿತ್ತು. ಹಾಗಾಗಿ ಬೀಟಲ್ಸ್ ಹಾಡೂ 78ರಲ್ಲಿ ಬಂದಿದ್ದು ಇಲ್ಲಿ, ಪಾರ್ಲೋಫೋನ್ ಲೇಬಲ್, ಆರ್ ಅಕ್ಷರದ ನಂಬರು. ಹೊರದೇಶದೋರು ಅದಕ್ಕೆ ಎಷ್ಟು ಬೇಕಾದ್ರೂ ಕೊಡ್ತಾರೆ. ಒಂದು ಸಿಕ್ರೆ ಅದನ್ನ ಕೊಟ್ಟು ವರ್ಷಕ್ಕಾಗೋವಷ್ಟು ಜಾಝ್ ತರ್ಬೋದು.

ಪ್ಲೇಟು ಚೆನ್ನಾಗಿದ್ಯಾ ಅಂತ ನೋಡೋದು ಹೇಗೆ ಅಂದ್ರೆ, ಅಂಗಡಿ ಟ್ಯೂಬ್‌ಲೈಟ್ ನಂಬ್ಬೇಡಿ, ಅದರಲ್ಲಿ ಎಲ್ಲಾ ಪ್ಲೇಟೂ ಕಪ್ಪಗೆ ಹೊಳೆಯತ್ತೆ. ಹೊರಗೆ ಬಾಗಿಲ ಬೆಳಕಿಗೆ ತಂದು ಕಣ್ಣಿನ ಮಟ್ಟಕ್ಕೆ ಚಪ್ಪಟೆಯಾಗಿ ಹಿಡಿದು ನಿಧಾನ ತಿರುಗ್ಸಿ, ಇಲ್ಲಾಂದ್ರೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಬಿಡಿ. 78ರಲ್ಲಿ ನೋಡ್ಬೇಕಾಗಿರೋದು ಗೀರಿಗಿಂತ ಹೆಚ್ಚಾಗಿ ಬಣ್ಣ. ಹಾಡು ಕೂತಿರೋ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ರೆ ಸವೆದ ಉಕ್ಕಿನ ಮುಳ್ಳಲ್ಲಿ (ಪ್ಲೇಟ್ ಮೇಲೆ ಓಡೋ ಸೂಜಿ) ನೂರಾರು ಸಲ ಓಡ್ಸಿದ್ದಾರೆ ಅಂತ, ಜೋರಾಗಿ ಊದೋ ಕಡೆಯೆಲ್ಲ ಕರಕರ ಅನ್ನತ್ತೆ, ಅದು ಯಾವ ತೊಳೆಯೋದ್ರಿಂದಲೂ ಹೋಗಲ್ಲ. ತೆಳು ಗೀರು ಟಿಕ್ ಟಿಕ್ ಅನ್ನತ್ತೆ, ಅದರ ಜೊತೆ ಬದುಕ್ಬೋದು. ಗೀರನ್ನ ಉಗುರಿನ ತುದೀಲಿ ಮೆಲ್ಲಗೆ ಮುಟ್ಟಿ ನೋಡಿ, ಉಗುರು ತಡೆದ್ರೆ ಮುಳ್ಳೂ ಅಲ್ಲಿ ತಡಿಯತ್ತೆ.

ಸೀಳು ಕಣ್ಣಿಗೆ ಕಾಣಲ್ಲ, ಕಿವಿಗೆ ಸಿಗತ್ತೆ. ನಡುವಿನ ತೂತಿಗೆ ಒಂದು ಬೆರಳು ತೂರಿಸಿ ಪ್ಲೇಟನ್ನ ತೂಗಾಡೋ ಹಾಗೆ ಹಿಡಿದು ಅಂಚಿಗೆ ಇನ್ನೊಂದು ಕೈಯ ಬೆರಳ ಗೆಣ್ಣಲ್ಲಿ ಮೆಲ್ಲಗೆ ಬಡೀರಿ. ಸರಿಯಿದ್ರೆ ಸಣ್ಣ ಗಂಟೆ ಥರ ಎಳ್ಕೊಂಡು ಕೇಳತ್ತೆ. ಸೀಳಿದ್ರೆ ಡಬ್ ಅಂತ ಅಲ್ಲೇ ಸತ್ತುಹೋಗತ್ತೆ. ಸಂತೇಲಿ ಮಡಕೆ ತಗೊಳೋವಾಗ ನಮ್ಮಜ್ಜಿ ಹೀಗೇ ಬಡಿದು ನೋಡ್ತಿದ್ರು, ಅದೇ ವಿದ್ಯೆ.

ಎಲ್‌ಪಿಯಾದ್ರೆ ಸೊಟ್ಟ ನೋಡಿ, ಒಳಗಿನ ಕವರ್ ತೆಗೆದು ಬೂಷ್ಟು ನೋಡಿ. ನಮ್ಮ ಕಡೆ ಪ್ಲೇಟಿಗೆ ಬೂಷ್ಟು ಇಲ್ಲದೆ ಇರೋದೇ ಆಶ್ಚರ್ಯ. ಬಿಳೀ ಚುಕ್ಕೆ, ಜೇಡರ ಬಲೆ ಥರ ಮಬ್ಬು, ಇದ್ರೆ ಹೆದರಬೇಡಿ, ಬಹಳ ಸಲ ತೊಳೆದ್ರೆ ಹೋಗತ್ತೆ, ಆದ್ರೆ ಚೌಕಾಸಿ ಮಾಡೋಕೆ ಅದು ನಿಮ್ಮ ಕೈಲಿರೋ ದೊಡ್ಡ ಕಾರಣ. ಹೊರಗಿನ ಕವರನ್ನ ಗೆದ್ದಲು ತಿಂದಿದ್ರೆ ಬೆಲೆ ಅರ್ಧಕ್ಕರ್ಧ ಇಳೀಬೇಕು. ಕೇಳೋಕೆ ಅಂತ ತಗೊಳೋರಿಗೆ ಇಂಥದ್ದೇ ಒಳ್ಳೇದು, ಕವರ್ ಹೋಗಿ ಪ್ಲೇಟ್ ಉಳಿದಿರೋದು.

ಕಾಲ ಯಾವುದು ಅಂತ ಕೇಳಿದ್ರೆ, ಎರಡು. ಒಂದು ಫೆಬ್ರವರಿ ಕೊನೆಯಿಂದ ಮೇವರೆಗೆ, ಕಾಫಿ ಕುಯ್ಲು ಮುಗಿದು ಕೈಲಿ ನಾಕು ಕಾಸು ಬಂದು ಮನೆಗೆ ಸುಣ್ಣ ಬಣ್ಣ ಹೊಡೆಸೋ ಹೊತ್ತು, ಅಟ್ಟ ಖಾಲಿ ಮಾಡ್ತಾರೆ. ಇನ್ನೊಂದು ಆಯುಧಪೂಜೆಗೆ ಮುಂಚಿನ ಹದಿನೈದು ದಿನ, ಮನೆ ಮನೆಯಿಂದ ಗುಜರಿಗೆ ಸಾಮಾನು ಹೋಗತ್ತೆ. ಮಳೆಗಾಲದಲ್ಲಿ ಹೋಗೋದು ದಂಡ, ಗುಜರಿಯೋರು ಎಲ್ಲಾದ್ರ ಮೇಲೂ ಟಾರ್ಪಾಲ್ ಮುಚ್ಚಿರ್ತಾರೆ.

ಗುಜರಿಯೋರ ಜೊತೆ ಗೆಳೆತನವೇ ಮುಖ್ಯ. ಚಿಕ್ಕಮಗಳೂರಲ್ಲಿ, ಹಾಸನದಲ್ಲಿ, ಬೇಲೂರಲ್ಲಿ, ನಾನು ಒಟ್ಟು ಆರೇಳು ಜನರಿಗೆ ನಂಬರ್ ಕೊಟ್ಟಿದ್ದೀನಿ, ಬರೀ "ಪ್ಲೇಟ್ ಬಂದ್ರೆ ಹೇಳಿ" ಅಂದ್ರೆ ಅವರಿಗೆ ನೆನಪಿರಲ್ಲ, ಒಂದು ಒಡೆದ ಪ್ಲೇಟನ್ನೇ ತಗೊಂಡ್ಹೋಗಿ ತೋರಿಸಿ "ಇಂಥದ್ದು, ಎಸೀಬೇಡಿ, ಒಡೀಬೇಡಿ, ಮೇಲೆ ಏನೂ ಪೇರಿಸ್ಬೇಡಿ" ಅಂತ ಕೈಲಿ ಹಿಡಿಸಿ ಬಂದೆ. ಪ್ಲೇಟಿಗೆ ಇಷ್ಟು ಅಂತ ಮೊದ್ಲೇ ಹೇಳಿರೋದು ಒಳ್ಳೇದು. ನಾನು ಕೊಡೋದು ಸರಿಯಿರೋ 78ಕ್ಕೆ ಐವತ್ತು, ಎಲ್‌ಪಿಗೆ ನೂರೈವತ್ತರಿಂದ ಇನ್ನೂರು, ಜಾಝ್ ಇರ್ಲಿ ಇಲ್ದಿರ್ಲಿ. ಬೇಡದ್ದನ್ನೂ ನಾಕು ತಗೊಳ್ತೀನಿ. ಒಂದೇ ಒಂದನ್ನ ಆರಿಸಿ ಕಣ್ಣರಳಿಸಿ ನೋಡಿದ್ರೆ ಅದರ ಬೆಲೆ ಅಲ್ಲೇ ಏರತ್ತೆ ಅನ್ನೋದು ಒಂದು ಕಾರಣ, ಆ ಮನುಷ್ಯನಿಗೆ ಅವತ್ತಿನ ಗಿರಾಕಿ ಅನ್ನಿಸ್ಬೇಕು ಅನ್ನೋದು ಇನ್ನೊಂದು. ಹಾಸನದಲ್ಲಿ ಒಬ್ರು ಭಾಯ್ ಇದ್ದಾರೆ, ಫೋನ್ ಮಾಡಿ "ಸಾರ್, ನಾಯಿ ಚಿತ್ರದ್ದು ಎಂಟು, ನಾಯಿ ಇಲ್ದೇ ಇರೋದು ಹನ್ನೆರಡು" ಅಂತಾರೆ, ಅಷ್ಟರಲ್ಲೇ ನನಗೆ ಅರ್ಧ ಗೊತ್ತಾಗತ್ತೆ.

ಎಸ್ಟೇಟ್ ಬಂಗ್ಲೆಗೆ ಹೋಗೋ ರೀತಿ ಬೇರೆ. ಗೇಟ್ ಮುಂದೆ ನಿಂತು "ಹಳೇ ಸಾಮಾನು ಇದ್ಯಾ" ಅಂದ್ರೆ ನಾಯಿ ಬಿಡ್ತಾರೆ. ಗುರುತಿನೋರ ಮೂಲಕ ಹೋಗಿ, ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯೋರು) ಆದ್ರೆ ಇನ್ನೂ ಒಳ್ಳೇದು, ಯಾವ ಬಂಗ್ಲೇಲಿ ಯಾವ ಬೀರು ಎಷ್ಟು ವರ್ಷದಿಂದ ಬೀಗ ಹಾಕಿದೆ ಅಂತ ಅವರಿಗೆ ಗೊತ್ತಿರತ್ತೆ. ಮೂರು ವರ್ಷದ ಹಿಂದೆ ಮೂಡಿಗೆರೆ ಹತ್ರ ಒಂದು ಬಂಗ್ಲೆಗೆ ಹೀಗೇ ಹೋಗಿದ್ದೆ, ವಯಸ್ಸಾದ ಅಮ್ಮ ಒಬ್ರೇ ಇದ್ರು, ಕಾಫಿ ಕೊಟ್ರು, ಆಮೇಲೆ ಟೀಕ್ ಮರದ ಪೆಟ್ಟಿಗೆ ತೋರಿಸಿದ್ರು, ನಲವತ್ತೆರಡು ಪ್ಲೇಟು, ದಪ್ಪ ಕಾಗದದ ಆಲ್ಬಂ ಒಳಗೆ ಪುಟ ಪುಟಕ್ಕೆ ಒಂದು. "ನಮ್ಮ ಮಾವನೋರು ತೋಟದ ಜೊತೆ ತಗೊಂಡಿದ್ದಂತೆ, ನಾನು ಬಂದಮೇಲೆ ಒಂದ್ಸಲಾನೂ ಹಾಕಿಲ್ಲ, ಎಲ್ಲಾ ಸೇರಿ ಐನೂರು ಕೊಟ್ಟು ತಗೊಂಡ್ಹೋಗಪ್ಪ" ಅಂದ್ರು. ಮೊದಲ ಆಲ್ಬಂ ತೆಗೆದ್ರೆ ಫ್ಯಾಟ್ಸ್ ವಾಲರ್, ಅದರ ಹಿಂದೆ ಎಲಿಂಗ್ಟನ್. ನಾನು ಹೇಳಿದೆ, "ಅಮ್ಮ, ಇದರಲ್ಲಿ ಒಂಬತ್ತು ಪ್ಲೇಟಿಗೆ ಒಳ್ಳೆ ಬೆಲೆ ಇದೆ, ಐನೂರಕ್ಕೆ ತಗೊಂಡ್ರೆ ನನಗೆ ನಿದ್ದೆ ಬರಲ್ಲ". ನಾಕೂವರೆ ಸಾವಿರ ಕೊಟ್ಟೆ. ಅದೂ ನನಗೆ ಅಗ್ಗವೇ. ಅಗ್ಗಕ್ಕೆ ಹುಡುಕೋದು ಬೇರೆ, ಗೊತ್ತಿಲ್ಲದೋರ ಕೈಯಿಂದ ಕಿತ್ಕೊಳೋದು ಬೇರೆ, ಮಲೆನಾಡಲ್ಲಿ ಮಾತು ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಜೀಪಿಗಿಂತ ಬೇಗ ಹೋಗತ್ತೆ. ಆಮೇಲಿನ ಎರಡು ಬಂಗ್ಲೆಗೆ ಫೋನ್ ಮಾಡಿ ಕಳಿಸಿದ್ದು ಅವರೇ.

ಎಲ್‌ಪಿ ವಿಷ್ಯಕ್ಕೆ ಬಂದ್ರೆ, ಜಾಝಿಗೆ ಹೆಸರಾದ ಅಮೆರಿಕಾದ ಬ್ಲೂ ನೋಟ್ ಕಂಪ್ನಿಯ 1950ರ ದಶಕದ ಒರಿಜಿನಲ್ ನಮ್ಮ ಗುಜರೀಲಿ ಸಿಗತ್ತೆ ಅಂತ ಕನಸು ಕಾಣಬೇಡಿ, ನನಗೆ ಒಂದೂ ಸಿಕ್ಕಿಲ್ಲ. ಆದ್ರೂ ಗುರುತು ಗೊತ್ತಿರ್ಲಿ: ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಆರ್‌ವಿಜಿ ಅಂತ, ಅಂದ್ರೆ ರೂಡಿ ವಾನ್ ಗೆಲ್ಡರ್ ಅನ್ನೋ ರೆಕಾರ್ಡಿಂಗ್ ಇಂಜಿನಿಯರ್ ಗುರುತು, ಜೊತೆಗೆ ಕಿವಿ ಆಕಾರದ ಒಂದು ಸೊಟ್ಟ ಅಕ್ಷರ, ಅದು ಒತ್ತಿದ ಕಾರ್ಖಾನೆಯದ್ದು, 1966ರಲ್ಲಿ ಕಂಪ್ನಿ ಕೈ ಬದಲಾದ್ಮೇಲೆ ಅದು ನಿಂತುಹೋಯ್ತು. ಕವರ್ ಹಿಂದೆ ಬಾರ್‌ಕೋಡ್ ಇದ್ರೆ ಅದು 1950ರ ಪ್ಲೇಟಂತೂ ಅಲ್ಲ, ಮಾರೋನು ಏನೇ ಹೇಳ್ಲಿ. ನನ್ನ ಕೇಳಿದ್ರೆ ನಮ್ಮ ನಾಡಿಗೆ ನಂಟಿರೋ ಎಲ್‌ಪಿಗಳ ಹಿಂದೆ ಹೋಗಿ. ಅಮೆರಿಕಾದ ಪಿಯಾನೋ ವಾದಕ ಡೇವ್ ಬ್ರೂಬೆಕ್ 1958ರಲ್ಲಿ ಇಂಡಿಯಾ ಸುತ್ತಿ ಹೋಗಿ ಮಾಡಿದ ಆಲ್ಬಂನಲ್ಲಿ ಕಲ್ಕತ್ತಾ ಬ್ಲೂಸ್ ಅಂತಲೇ ಒಂದು ಇದೆ. ಎಲಿಂಗ್ಟನ್ 1963ರಲ್ಲಿ ಬಂದು ಹೋದ್ಮೇಲೆ ಮಾಡಿದ್ದು ಫಾರ್ ಈಸ್ಟ್ ಸೂಟ್. ಕಲ್ಕತ್ತಾದಲ್ಲಿ ಹುಟ್ಟಿದ ಜಾನ್ ಮೇಯರ್, ಜಮೈಕಾದ ಜೋ ಹ್ಯಾರಿಯಟ್ ಸೇರಿ ಮಾಡಿದ 1966ರ ಇಂಡೋ ಜಾಝ್ ಸೂಟ್. ಶಂಕರ್ ಜೈಕಿಶನ್ 1968ರಲ್ಲಿ ಹನ್ನೊಂದು ರಾಗಕ್ಕೆ ಜಾಝ್ ಉಡುಪು ಹಾಕಿ, ರಯೀಸ್ ಖಾನ್ ಅವರ ಸಿತಾರ್ ಇಟ್ಟು ಮಾಡಿದ ರಾಗ ಜಾಝ್ ಸ್ಟೈಲ್, ಇದು ಹಿಂದಿ ಸಿನಿಮಾ ಎಲ್‌ಪಿಗಳ ರಾಶೀಲಿ ಸೇರ್ಕೊಂಡು ಬಿದ್ದಿರೋ ಸಾಧ್ಯತೆ ಇದೆ, ಜಾಝ್ ಹುಡುಕೋರು ಆ ರಾಶಿ ಮುಟ್ಟಲ್ಲ, ನೀವು ಮುಟ್ಟಿ. ಇನ್ನು ಬೆಂಗಳೂರಿನ ತಾಳವಾದ್ಯ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಅಮೆರಿಕಾದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಮಾಡಿದ ಜ್ಯೋತಿ, 1983, ಆರ್.ಎ. ರಮಾಮಣಿ ಅವರ ದನಿ. ಅದನ್ನ ರಾತ್ರಿ ಲೈಟ್ ಆರ್ಸಿ ಕೇಳಿ.

ಆನ್‌ಲೈನಲ್ಲಿ ತಗೊಳೋರು ಡಿಸ್ಕಾಗ್ಸ್ ಅನ್ನೋ ಪ್ಲೇಟು ಮಾರೋ ಕೊಳ್ಳೋ ವೆಬ್‌ಸೈಟ್ ನೋಡಿ, ಅಲ್ಲಿ ಮಾರೋಕೆ ಇಟ್ಟ ಬೆಲೆ ನೋಡ್ಬೇಡಿ, ನಿಜವಾಗಿ ಮಾರಾಟ ಆದ ಬೆಲೆ ನೋಡಿ, ಎರಡಕ್ಕೂ ಅಜಗಜಾಂತರ. ಹೊರದೇಶದಿಂದ ತರಿಸಿದ್ರೆ ಪೋಸ್ಟು ಕಸ್ಟಮ್ಸ್ ಸೇರಿ ಪ್ಲೇಟಿಗಿಂತ ಜಾಸ್ತಿ ಆಗ್ಬೋದು, ಮೊದ್ಲೇ ಕೂಡಿ ನೋಡಿ. ಪ್ಲೇಟಿನ ಸ್ಥಿತಿ ವಿಜಿ (ವೆರಿ ಗುಡ್) ಪ್ಲಸ್ ಅಂತ ಬರೆದಿದ್ರೆ ಸ್ವಲ್ಪ ಗೀರಿದೆ ಆದ್ರೆ ಕೇಳೋಕೆ ತೊಂದ್ರೆ ಇಲ್ಲ ಅಂತ, ಬರೀ ವಿಜಿ ಅಂದ್ರೆ ಸದ್ದು ಕೇಳ್ಸತ್ತೆ, ಬರೀ ಗುಡ್ ಅಂದ್ರೆ ಗುಡ್ ಅಲ್ಲವೇ ಅಲ್ಲ. 78ನ್ನ ಪೋಸ್ಟಲ್ಲಿ ತರಿಸೋದಾದ್ರೆ ಪ್ಲೇಟಿಗಿಂತ ದೊಡ್ಡ ರಟ್ಟು ಎರಡೂ ಕಡೆ ಇಟ್ಟು, ಅದನ್ನ ಇನ್ನೊಂದು ಡಬ್ಬದೊಳಗೆ ಅಲುಗದ ಹಾಗೆ ಕೂರ್ಸಿ ಅಂತ ಮಾರೋರಿಗೆ ಬರೆದೇ ಹೇಳಿ. ನನಗೆ ಒಂದ್ಸಲ ಬರೀ ಪೇಪರ್ ಸುತ್ತಿ ಕಳಿಸಿದ್ರು, ಬಿಚ್ಚಿದ್ರೆ ಹನ್ನೊಂದು ಚೂರು, ಅವತ್ತು ಊಟ ಸೇರ್ಲಿಲ್ಲ.

ತೊಳೆಯೋದು. ಇದನ್ನ ಗಮನ ಇಟ್ಟು ಓದಿ, ನಾನು ಒಂದು ಒಳ್ಳೆ ಪ್ಲೇಟನ್ನ ಹೀಗೇ ಕಳ್ಕೊಂಡಿದ್ದೀನಿ. ಶುರು ಶುರೂಲಿ ಎಲ್‌ಪಿಗೆ ಸ್ಪಿರಿಟ್ ಹಾಕಿ ಒರೆಸೋ ವೀಡಿಯೋ ನೋಡಿ ಬೆನ್ನಿ ಗುಡ್‌ಮನ್ ಅವರ ಒಂದು 78ಕ್ಕೂ ಹಾಗೇ ಮಾಡ್ದೆ. ಬಟ್ಟೆ ಕಪ್ಪಗಾಯ್ತು, ಕೊಳೆ ಹೋಗ್ತಿದೆ ಅಂತ ಖುಷಿಯಾಗಿ ಇನ್ನೂ ತಿಕ್ಕಿದೆ. ಹೋಗ್ತಿದ್ದಿದ್ದು ಕೊಳೆ ಅಲ್ಲ, ಪ್ಲೇಟೇ. ಅರಗು ಸ್ಪಿರಿಟ್‌ನಲ್ಲಿ ಕರಗತ್ತೆ, ಮರಕ್ಕೆ ಪಾಲಿಶ್ ಹೊಡೆಯೋರು ಅರಗು ಕರಗಿಸೋದೇ ಸ್ಪಿರಿಟ್‌ನಲ್ಲಿ, ನಮ್ಮ ಮನೇಲಿ ಬಡಗಿ ಮಾಡೋದು ಎಷ್ಟು ಸಲ ನೋಡಿದ್ದೆ. ಆ ಪ್ಲೇಟಲ್ಲಿ ಈಗ ಎರಡು ಬೆರಳಗಲ ಗೆರೆಯೇ ಇಲ್ಲ, ಮಂದ ಕಪ್ಪು ಮಚ್ಚೆ. ಎಸೆದಿಲ್ಲ, ಇಟ್ಟಿದ್ದೀನಿ.

78ಕ್ಕೆ ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕೋಕೆ ಅಂಗಡೀಲಿ ಸಿಗತ್ತಲ್ಲ ಅದೇ, ಆಸಿಡ್ ಬೆರೆಸಿದ್ದಲ್ಲ ಅಂತ ನೋಡಿ ತಗೊಳ್ಳಿ, ಲೀಟರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ತೊಟ್ಟು. ಮೃದು ಬಟ್ಟೆ ಅದ್ದಿ ಹಿಂಡಿ ಗೆರೆ ಸುತ್ತಿದ ಹಾಗೇ ಸುತ್ತಾ ಒರೆಸಿ, ಅಡ್ಡ ಬೇಡ. ನೆನೆಹಾಕಬೇಡಿ. ಲೇಬಲ್ಲಿಗೆ ನೀರು ತಾಗಬಾರ್ದು, ನಾನು ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಲೇಬಲ್ ಮೇಲೆ ಒತ್ತಿ ಹಿಡ್ಕೊಳ್ತೀನಿ. ಮತ್ತೆ ಬರೀ ನೀರಲ್ಲಿ ಒಂದ್ಸಲ, ಒಣ ಬಟ್ಟೇಲಿ ಒತ್ತಿ, ಪಾತ್ರೆ ಸ್ಟ್ಯಾಂಡಲ್ಲಿ ನಿಲ್ಸಿ ನೆರಳಲ್ಲಿ ಒಂದು ರಾತ್ರಿ. ಮೊದಲ ಸಲ ಬಟ್ಟೆ ಎಳೆದಾಗ ಬೂದು ಪೊರೆ ಸರಿದು ಒಳಗಿಂದ ಆ ಕಪ್ಪು ಬರತ್ತಲ್ಲ, ಮಳೆ ನಿಂತ ಮೇಲೆ ಕಾಫಿ ಎಲೆ ಹೊಳಿಯೋ ಹಾಗೆ, ಅದನ್ನ ನೋಡೋಕೇ ನಾನು ಭಾನುವಾರ ಕಾಯ್ತೀನಿ. ಎಲ್‌ಪಿಗೂ ಇದೇ ನೀರು ಸಾಕು, ಬೂಷ್ಟು ಗಟ್ಟಿಯಿದ್ರೆ ಮಾತ್ರ ಸ್ವಲ್ಪ ಐಸೋಪ್ರೊಪೈಲ್ ಅನ್ನೋ ಸ್ಪಿರಿಟ್ ಬೆರೆಸ್ಬೋದು, ಅದೂ ವಿನೈಲ್‌ಗೆ ಮಾತ್ರ.

ಹಾಕೋ ಮಿಷನ್ನು. ಹೋಮ್‌ಸ್ಟೇ ಅಲಂಕಾರಕ್ಕೆ ಮಾರೋ ಹಿತ್ತಾಳೆ ಕೊಳವೆಯ ಹೊಸ ಗ್ರಾಮಾಫೋನ್ ತಗೋಬೇಡಿ, ಮೇಲೆ ನಾಯಿ ಸ್ಟಿಕರ್ ಇದ್ರೂ ಒಳಗೆ ಏನೇನೋ ಜೋಡ್ಸಿದ್ದು, ಪ್ಲೇಟನ್ನ ಕೆರೆದು ಹಾಕತ್ತೆ. ನಿಜವಾದ ಹಳೇ ಗ್ರಾಮಾಫೋನ್ ಇದ್ರೆ ಉಕ್ಕಿನ ಮುಳ್ಳು ಒಂದು ಕಡೆಗೆ ಒಂದೇ, ಇನ್ನೊಂದು ಕಡೆ ಹಾಕೋವಾಗ ಹೊಸದು, ಕಂಜೂಸಿ ಮಾಡಿದ್ರೆ ಪ್ಲೇಟ್ ಬೂದಿಯಾಗತ್ತೆ. ಅದರಲ್ಲಿ ಎಲ್‌ಪಿ ಅಂತೂ ಯಾವತ್ತೂ ಹಾಕ್ಬೇಡಿ. ನಾನು ದಿನಾ ಕೇಳೋದು ಕರೆಂಟ್ ಟರ್ನ್‌ಟೇಬಲ್ಲಲ್ಲಿ, 78 ಸ್ಪೀಡ್ ಇರೋದು. 78ರ ಗೆರೆ ಅಗಲ, ಅದಕ್ಕೆ ಸುಮಾರು 65ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತುದಿಯ ಮುಳ್ಳು ಬೇಕು, ಎಲ್‌ಪಿ ಮುಳ್ಳು 18ರಿಂದ 25, ಅದನ್ನ 78ಕ್ಕೆ ಹಾಕಿದ್ರೆ ಗೆರೆ ತಳದ ಕಸದಲ್ಲಿ ಉಜ್ಜಾಡತ್ತೆ, ಬರೀ ಸುಸ್ ಅನ್ನತ್ತೆ. ಆಡಿಯೋ ಟೆಕ್ನಿಕಾ ಕಂಪ್ನಿಯ ವಿಎಂ95 ಸರಣೀಲಿ ಎಸ್‌ಪಿ ಅಂತ 78ಕ್ಕೇ ಮಾಡಿದ ಮುಳ್ಳಿದೆ, ಎಳೆದು ಬೇರೆ ಸಿಕ್ಕಿಸಿದ್ರೆ ಆಯ್ತು. ಹಳೇ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಎಲ್ಲಾದ್ರೂ ಸಿಕ್ರೆ ಇಟ್ಕೊಳ್ಳಿ, ರಿಪೇರಿ ಮಾಡೋರು ಹಾಸನದಲ್ಲಿ ಇನ್ನೂ ಇದ್ದಾರೆ, ಆದ್ರೆ ಒಳ್ಳೆ ಪ್ಲೇಟನ್ನ ಅದರಲ್ಲಿ ಹಾಕ್ಬೇಡಿ.

ಇನ್ನು ನಮ್ಮ ಮಳೆ. ಆರಿದ್ರಾ, ಪುನರ್ವಸು, ಪುಷ್ಯ, ಈ ಮೂರು ಮಳೆ ದಾಟ್ಸೋದೇ ಮಲೆನಾಡಲ್ಲಿ ಪ್ಲೇಟು ಇಟ್ಟೋನ ಪರೀಕ್ಷೆ. ಅಟ್ಟ ಬೇಡವೇ ಬೇಡ, ಬೇಸಿಗೇಲಿ ಹೆಂಚು ಕಾದು ಎಲ್‌ಪಿ ಸೊಟ್ಟಗಾಗತ್ತೆ, ಮಳೇಲಿ ಸೋರತ್ತೆ. ಮಣ್ಣು ಗೋಡೆಗೆ ತಾಗಿಸ್ಬೇಡಿ, ನಾಕು ಬೆರಳು ಬಿಡಿ, ನೆಲದಿಂದ ಒಂದಡಿ ಮೇಲಿರ್ಲಿ, ಗೆದ್ದಲು ಮೊದ್ಲು ಬರೋದು ಮೂಲೆಯಿಂದ. ನೆಟ್ಟಗೆ ನಿಲ್ಸಿ, ಓರೆಯಾಗಿ ಒರಗಿಸಿದ್ರೆ ಸೊಟ್ಟಗಾಗತ್ತೆ, ಒಂದರ ಮೇಲೊಂದು ಪೇರಿಸಿದ್ರೆ ಕೆಳಗಿನ 78 ಸೀಳತ್ತೆ. ಹಳೇ ಕಾಗದದ ಕವರ್ ತೇವ ಹೀರತ್ತೆ, ಒಳಗೆ ಹೊಸ ಕವರ್ ಹಾಕಿ, ಹಳೇದನ್ನ ಬೇರೆ ಇಡಿ, ಎಸೀಬೇಡಿ. ಸಿಲಿಕಾ ಜೆಲ್ ನೀಲಿ ಬಣ್ಣ ಹೋದ್ಮೇಲೆ ಬಾಣಲೇಲಿ ಸಣ್ಣ ಉರೀಲಿ ಹುರಿದ್ರೆ ಮತ್ತೆ ನೀಲಿಯಾಗತ್ತೆ, ಅಡುಗೆ ಬಾಣಲೆ ಬೇಡ, ಅದಕ್ಕೇ ಅಂತ ಒಂದು ಇಟ್ಕೊಳ್ಳಿ. ನುಸಿಗುಳಿಗೆ ನಾನು ಹಾಕಲ್ಲ, ವಿನೈಲಿಗೆ ಒಳ್ಳೇದಲ್ಲ, ಒಣಗಿದ ಬೇವಿನ ಸೊಪ್ಪು ಬಟ್ಟೇಲಿ ಕಟ್ಟಿ ಬೀರು ಮೂಲೇಲಿ ಇಡ್ತೀನಿ. ಹದಿನೈದು ದಿನಕ್ಕೊಂದ್ಸಲ ಬಿಸಿಲು ಕಂಡ್ರೆ ಬೀರು ಬಾಗ್ಲು ತೆಗೆದಿಡಿ, ಪ್ಲೇಟನ್ನ ಮಾತ್ರ ಬಿಸಿಲಿಗೆ ತರಬೇಡಿ. ಹಾಸನದಿಂದ ಬರೋವಾಗ ಏಪ್ರಿಲ್ ಬಿಸಿಲಲ್ಲಿ ಕಾರಲ್ಲಿ ಬಿಟ್ಟು ಊಟಕ್ಕೆ ಹೋದ್ರೂ ಅಷ್ಟೇ, ಎಲ್‌ಪಿ ಅಲೆ ಅಲೆಯಾಗಿರತ್ತೆ.

ಒಂದು ಪುಸ್ತಕ ಇಡಿ. ನೂರು ದಾಟಿದ್ಮೇಲೆ ಏನಿದೆ ಏನಿಲ್ಲ ನೆನಪಿರಲ್ಲ, ಇರೋದನ್ನೇ ಮತ್ತೆ ತರ್ತೀರ. ನಾನು ಬರೆಯೋದು ತಾರೀಕು, ಊರು, ಕೊಟ್ಟ ದುಡ್ಡು, ಲೇಬಲ್ ನಂಬರ್, ಪ್ಲೇಟಿನ ಸ್ಥಿತಿ, ಆಮೇಲೆ ಯಾರ ಮನೇದು ಅಂತ, ಅದನ್ನ ಬಿಡಬೇಡಿ. ಮೂಡಿಗೆರೆ ಅಮ್ಮನ ಪೆಟ್ಟಿಗೇಲಿ ಮೂವತ್ತೊಂದನೇ ಪ್ಲೇಟಿನ ಕವರ್ ಮೇಲೆ ಪೆನ್ಸಿಲಲ್ಲಿ ಯಾರೋ "17 ಡಿಸೆಂಬರ್ 1938, ಕ್ಲಬ್, ಮಳೆ" ಅಂತ ಇಂಗ್ಲಿಷಲ್ಲಿ ಬರೆದಿದ್ರು. ಅದನ್ನೂ ಹಾಗೇ ನನ್ನ ಪುಸ್ತಕಕ್ಕೆ ಇಳಿಸ್ಕೊಂಡೆ, ಪಕ್ಕದಲ್ಲಿ ನಾನು ಅದನ್ನ ಮೊದಲ ಸಲ ಹಾಕಿದ ತಾರೀಕೂ ಬರೆದೆ, ಅವತ್ತೂ ಮಳೆ ಇತ್ತು.